ದೀಪಸ್ತಂಭವೂ ಚಾರಣಿಗನೂ

ಕಾಪುವಿನ ಕಡಲತೀರದ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭವು 1901ರಲ್ಲಿ ನಿರ್ಮಾಣವಾದುದು. ಇರುಳಿನಲ್ಲಿ ಬರುವ ನಾವಿಕನು ಅದರ ಬೆಳಕನ್ನು ಕಂಡು ತಾನೆಲ್ಲಿರುವೆನೆಂಬುದನ್ನು ಅರಿಯುತ್ತಾನೆ. ಆದರೆ ಆ ಬೆಳಕಿಗೆ ನಾವಿಕನು ಕಾಣುವುದಿಲ್ಲ. ದೋಣಿ ಮಗುಚಿದರೂ ದೀಪವು ಎಂದಿನಂತೆ ಉರಿಯುತ್ತಲೇ ಇರುತ್ತದೆ.

ಉಡುಪಿ, ಮಣಿಪಾಲಗಳ ತರುಣರು ರಜೆಯ ದಿನಗಳಲ್ಲಿ ಕಾರ್ಕಳ, ಬಜಗೋಳಿಗಳನ್ನು ದಾಟಿ, ಘಟ್ಟವನ್ನೇರಿ ಕುದುರೆಮುಖದ ಕಡೆಗೆ ಚಾರಣ ಹೊರಡುತ್ತಾರೆ. ಶಿಖರದ ಎತ್ತರ ಸುಮಾರು 1,890 ಮೀಟರು. ಇಳಿಜಾರುಗಳಲ್ಲಿ ಹುಲ್ಲುಗಾವಲು, ಕಣಿವೆಗಳಲ್ಲಿ ದಟ್ಟವಾದ ಶೋಲಾ ಕಾಡು. ಕರಾವಳಿಯಲ್ಲಿ ಹುಟ್ಟಿದವರು ಒಮ್ಮೆಯಾದರೂ ನೋಡಬೇಕಾದ ನೋಟವದು. ಮಂಜು ಕವಿಯಿತೆಂದರೆ ಮಾತ್ರ ಹತ್ತು ಮಾರು ದೂರದ ಗೆಳೆಯನೂ ಕಾಣನು. ಒಂದು ಗುಡ್ಡ ಇನ್ನೊಂದರಂತೆಯೇ ತೋರುತ್ತದೆ. ತಂಡವನ್ನು ಅಗಲಿ ದಾರಿ ತಪ್ಪಿದವನು ಆಗ ಜೇಬಿನಿಂದ ಮೊಬೈಲ್ ಫೋನನ್ನು ತೆಗೆಯುತ್ತಾನೆ.

ಫೋನಿನೊಳಗಿನ ಜಿ.ಪಿ.ಎಸ್. ಗ್ರಾಹಕವು ನಾಲ್ಕಾರು ಉಪಗ್ರಹಗಳ ಸಂಕೇತಗಳನ್ನು ಪಡೆದು, ಅವು ಬಂದು ತಲಪಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕಹಾಕಿ, ನಿಂತ ಸ್ಥಳವನ್ನು ತಿಳಿಸುತ್ತದೆ. ಇದಕ್ಕೆ ಮೊಬೈಲ್ ಗೋಪುರದ ಹಂಗಿಲ್ಲ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು, ಬ್ಯಾಟರಿಯನ್ನು ಹಾಡು ಕೇಳಿ ಬರಿದುಮಾಡದಿರಬೇಕು. ಇಷ್ಟು ಸುಲಭದ ನೆರವನ್ನು ಬಿಟ್ಟು ಕಾಡಿಗೆ ಹೋಗುವುದು ಶುದ್ಧ ಅವಿವೇಕ. ಆದರೂ ಅದು ಕೇವಲ ಗ್ರಾಹಕ. ಉಪಗ್ರಹಕ್ಕೆ ಅದು ಏನನ್ನೂ ಹೇಳಿಕಳುಹಿಸುವುದಿಲ್ಲ. ಕಾಲು ಮುರಿದು ಬಿದ್ದವನಿಗೆ ತನ್ನ ಅಕ್ಷಾಂಶ ರೇಖಾಂಶಗಳು ತಿಳಿದಿರುತ್ತವೆ. ಊರಿನಲ್ಲಿ ಯಾರಿಗೂ ತಿಳಿದಿರುವುದಿಲ್ಲ. 112ಕ್ಕೆ ಕರೆಮಾಡಬೇಕಾದರೆ ಗೋಪುರದ ಸಂಕೇತ ಬೇಕು. ಕಣಿವೆಯಲ್ಲಿ ಅದು ದುರ್ಲಭ.

ಕಾಣೆಯಾದವರನ್ನು ಹುಡುಕುವ ಸಂಕಟವನ್ನು ಕಡಲಿನವರು ಬಲ್ಲರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲತಳದಲ್ಲಿ ದೊರೆತುದು ಮರುವರ್ಷದ ಮೇ ತಿಂಗಳಿನಲ್ಲಿ. ಮೀನುಗಾರರಿಗಾಗಿ ಇಸ್ರೋ ಸಂಸ್ಥೆಯು ಅಪಾಯದ ಸುದ್ದಿಯನ್ನು ಕಳುಹಿಸುವ ಯಂತ್ರವೊಂದನ್ನು ರೂಪಿಸಿದೆ. ಅದರ ಸುಧಾರಿತ ರೂಪವು 2024ರ ಜನವರಿಯಲ್ಲಿ ಬಳಕೆಗೆ ಬಂದಿತು. ಗುಂಡಿಯನ್ನೊತ್ತಿದರೆ ದೋಣಿಯಿರುವ ಸ್ಥಳವು ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ತಿಳಿಯುತ್ತದೆ. ಅಲ್ಲಿಂದ ಮರುನುಡಿಯೂ ಬರುತ್ತದೆ.

ಪರದೇಶಗಳ ಚಾರಣಿಗರು ಇಂತಹ ಯಂತ್ರಗಳನ್ನು ಒಯ್ಯುವುದುಂಟು. ಭಾರತದಲ್ಲಿ ಉಪಗ್ರಹ ಫೋನನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಬಳಸುವಂತಿಲ್ಲ. ದೇಶದ ಭದ್ರತೆಗೆ ಅಂತಹ ಕಟ್ಟಳೆ ಬೇಕು, ನಿಜ. ಆದರೆ ಕುದುರೆಮುಖವನ್ನೇರಲು ಅರಣ್ಯ ಇಲಾಖೆಯ ಅನುಮತಿ ಹೇಗೂ ಬೇಕಷ್ಟೆ? ಆ ಚೀಟಿಯೊಡನೆ ಮೀನುಗಾರನ ಯಂತ್ರದಂತಹುದೊಂದನ್ನು ತಂಡಕ್ಕೊಂದರಂತೆ ಬಾಡಿಗೆಗೆ ಕೊಡುವ ಏರ್ಪಾಡು ಮಾಡಬಹುದು. ಸಂಜೆ ಹಿಂದಿರುಗಿಸದ ಯಂತ್ರವೇ ಹುಡುಕಾಟಕ್ಕೆ ಮೊದಲ ಸೂಚನೆಯಾದೀತು.

ಅಲ್ಲಿಯವರೆಗೆ, ಹೊರಡುವ ಹುಡುಗರು ಹಿಡಿಯುವ ದಾರಿ, ಜೊತೆಗಾರರ ಹೆಸರು, ಮರಳುವ ಹೊತ್ತು ಇವನ್ನು ಒಂದು ಕಾಗದದಲ್ಲಿ ಬರೆದು ತಾಯಿಯ ಕೈಗೆ ಕೊಟ್ಟು ಹೋಗಲಿ. ಹೊತ್ತು ಮೀರಿದರೆ ಎಲ್ಲಿಂದ ಹುಡುಕಬೇಕೆಂಬುದು ಮನೆಯವರಿಗೆ ಗೊತ್ತಿರುತ್ತದೆ.