ಕೋಲಾರದ ಚಿನ್ನವನ್ನು ಕಂಡುಹಿಡಿದವರು ಯಾರು?

ಬ್ಯಾಟರಾಯನಪುರದಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಬೆಂಗಳೂರಿನ ದಂಡಿನ ಕಡೆಗೆ ಹೋಗಿಬರುವವರಿಗೆ ಲಾವೆಲ್ ರಸ್ತೆಯ ಹೆಸರು ಅಪರಿಚಿತವಲ್ಲ. ಆ ಲಾವೆಲನು ಯಾರೆಂದು ಕೇಳಿದರೆ, ಕೋಲಾರದ ಚಿನ್ನವನ್ನು ಕಂಡುಹಿಡಿದ ಮಹಾನುಭಾವನೆಂದು ಓದುಬಲ್ಲವರೂ ಉತ್ತರ ಕೊಡುವುದುಂಟು. ಈ ಮಾತು ಅಸತ್ಯವೆಂಬುದೂ, ಅಸತ್ಯವಾದುದರಿಂದ ಅನ್ಯಾಯವೆಂಬುದೂ ವಿಚಾರಮಾಡಿದವರಿಗೆ ಸ್ಪಷ್ಟವಾಗದೆ ಇರದು.

ಮೊದಲು ಪೂರ್ವಪಕ್ಷಕ್ಕೆ ಸಲ್ಲತಕ್ಕುದನ್ನು ಸಲ್ಲಿಸಬೇಕು. ಮೈಕೇಲ್ ಫಿಟ್ಜ್‌ಜೆರಾಲ್ಡ್ ಲಾವೆಲ್ ಐರ್ಲೆಂಡ್ ದೇಶದವನು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆಮಾಡಿ ಬಂದು ಬೆಂಗಳೂರಿನ ದಂಡಿನಲ್ಲಿ ನೆಲಸಿದ ಸಿಪಾಯಿ. 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರದ ಸೀಮೆಗೆ ಹೋದನು. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಗುತ್ತಿಗೆಯನ್ನು ಪಡೆದನು. ಮುಂದೆ ತನ್ನ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟನು. ಆತನ ಸಾಹಸವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಇಷ್ಟು ವಿಶಾಲವಾದ ಭರತಖಂಡದಲ್ಲಿ ಆತನು ಕೋಲಾರಕ್ಕೇ ಹೋದುದೇಕೆ? ಲೆಫ್ಟೆನೆಂಟ್ ಜಾನ್ ವಾರನ್ ಎಂಬವನು ಬರೆದಿದ್ದ ವೃತ್ತಾಂತವನ್ನು ಓದಿದ್ದನಾದುದರಿಂದ.

ವಾರನ್ ಕಂಡುದಾದರೂ ಏನು? 1802ರಲ್ಲಿ ಆತನು ಮೈಸೂರು ಸಂಸ್ಥಾನದ ಪೂರ್ವದ ಎಲ್ಲೆಯನ್ನು ಅಳೆಯುತ್ತಿದ್ದಾಗ, ಉರಿಗಾಂ ಮತ್ತು ಮಾರಿಕುಪ್ಪಂ ಗ್ರಾಮಗಳ ಬಡಜನರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸಿ ತೋರಿಸಿದರು. ಮಾರಿಕುಪ್ಪಂ ಗ್ರಾಮದಲ್ಲಿ ಗುಂಡಿಗಿಳಿದವರು ಕಲ್ಲನ್ನು ಬಿಡಿಸಿ, ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿಸುವರು. ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ನೀರಿನಲ್ಲಿ ತೊಳೆಯುವರು. ತೋರಿಸಿದವರನ್ನು ಮರೆತು, ನೋಡಿದವನ ಬರಹವನ್ನು ಓದಿದವನಿಗೆ ಶೋಧಕನೆಂಬ ಬಿರುದನ್ನು ಕಟ್ಟುವುದು ಯಾವ ನ್ಯಾಯ?

ಇನ್ನೊಂದು ಸಂಗತಿಯುಂಟು. 1883ರ ವೇಳೆಗೆ ಕಂಪೆನಿಗಳು ತಂದ ಹಣವೆಲ್ಲವೂ ಬಹುಮಟ್ಟಿಗೆ ಕರಗಿಹೋಗಿ, ಮೈಸೂರು ಗಣಿಯನ್ನು ಮುಚ್ಚುವ ಮಾತು ಎದ್ದಿತು. ಆಗ ಜಾನ್ ಟೇಲರ್ ಕಂಪೆನಿಯವರ ಸಲಹೆಯಂತೆ ಕ್ಯಾಪ್ಟನ್ ಪ್ಲಮ್ಮರ್ ಪ್ರಾಚೀನರ ಹಳೆಯ ಗುಂಡಿಗಳನ್ನೇ ಅನುಸರಿಸಿ ಕೆಳಗಿಳಿದನು. ಅವುಗಳ ಅಡಿಯಲ್ಲಿ ಚಾಂಪಿಯನ್ ಲೋಡ್ ಎಂಬ ಪ್ರಸಿದ್ಧ ಚಿನ್ನದ ಎಳೆಯು ದೊರೆಯಿತು. ಹೆಸರು ಉಳಿಯದ ಪೂರ್ವಿಕರ ಗುಂಡಿಯೇ ವಿಲಾಯತಿಯ ಇಂಜಿನಿಯರನಿಗೆ ಗುರುವಾಯಿತೆಂದು ಇದರ ಅರ್ಥ. ಮೈಸೂರಿನ ಪಂಡಿತ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಿಟ್ಟ, ಮೂಷೆ, ಇದ್ದಲು, ಬೂದಿ ಇವುಗಳ ಗುರುತಿನಿಂದ ಹಿಂದೆ ಅಗೆದಿದ್ದ ಆಕರವನ್ನು ಪರೀಕ್ಷಿಸಬೇಕೆಂದು ಆಕರಾಧ್ಯಕ್ಷನಿಗೆ ವಿಧಿಸಿದೆ. ಪ್ಲಮ್ಮರನು ಅರಿಯದೆಯೇ ಆ ವಿಧಿಯನ್ನು ಪಾಲಿಸಿದನು.

ಆ ಪೂರ್ವಿಕರ ಜ್ಞಾನವು ಅಲ್ಪವೆಂದು ತಿಳಿಯುವವರು ಭೂಮಿಯ ಸ್ವರೂಪವನ್ನು ಸ್ವಲ್ಪ ಪರ್ಯಾಲೋಚಿಸಲಿ. ಬ್ಯಾಟರಾಯನಪುರದಲ್ಲಿ ಬಾವಿ ತೋಡಿದರೆ ಅಡಿಯಲ್ಲಿ ಸಿಕ್ಕುವುದು ನೈಸ್ ಎಂಬ ಗಟ್ಟಿಶಿಲೆ. ಲಾಲ್‌ಬಾಗಿನ ಬಂಡೆಯೂ ಅದೇ ಜಾತಿಯದು. ಕೋಲಾರದಲ್ಲಿ ಈ ಶಿಲೆಯ ನಡುವೆ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದದ, ಕೆಲವೇ ಕಿಲೋಮೀಟರ್ ಅಗಲದ ಕಪ್ಪುಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸವು ಕಾವಿನಿಂದಲೂ ಒತ್ತಡದಿಂದಲೂ ಮಾರ್ಪಟ್ಟು ಈ ರೂಪವನ್ನು ತಾಳಿತು. ಅದರ ಬಿರುಕುಗಳಲ್ಲಿ ಹರಿದ ಬಿಸಿನೀರು ಬೆಣಚುಕಲ್ಲಿನ ಎಳೆಗಳನ್ನೂ, ಅವುಗಳೊಡನೆ ಚಿನ್ನವನ್ನೂ ಇಟ್ಟುಹೋಯಿತು. ಇಂಥ ಎಳೆಯನ್ನು ಗುರುತಿಸಿ, ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರೆದು ಬಿರಿಯಿಸಿ ಇಳಿಯುತ್ತಿದ್ದವರನ್ನು ಅಜ್ಞರೆನ್ನಲಾದೀತೆ? ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರ ಗುಂಡಿಗಳು 600 ಅಡಿಗೂ ಮಿಕ್ಕು ಇಳಿದಿವೆ; ಅಲ್ಲಿ ಸಿಕ್ಕಿದ ಮರದ ತುಂಡಿನ ವಯಸ್ಸು ಸುಮಾರು ಎರಡು ಸಾವಿರ ವರ್ಷವೆಂದು ಪರೀಕ್ಷೆಯಿಂದ ಗೊತ್ತಾಗಿದೆ.

ಹಾಗೆಂದು ಎದುರು ಪಕ್ಷದ ಅತಿಶಯೋಕ್ತಿಯೂ ಗ್ರಾಹ್ಯವಲ್ಲ. ಸಿಂಧೂತೀರದ ಹರಪ್ಪೆಯ ಒಡವೆಗಳೆಲ್ಲವೂ ಕೋಲಾರದ ಚಿನ್ನದವೇ ಎಂದು ಕೆಲವರು ಘೋಷಿಸುವರು. ಚಿನ್ನದಲ್ಲಿ ಬೆರೆತ ಬೆಳ್ಳಿಯ ಪ್ರಮಾಣವನ್ನು ಹೋಲಿಸಿ ಮಾಡಿದ ಊಹೆ ಅದು, ಊಹೆಯು ಪ್ರಮಾಣವಲ್ಲ. ಕುವಳಾಲಪುರವರೇಶ್ವರರೆಂದು ಗಂಗರಸರು ಬಿರುದನ್ನು ಧರಿಸಿದ ಮಾತ್ರಕ್ಕೆ ಅವರು ಗಣಿಗಳನ್ನು ಅಗೆಸಿದರೆಂದೂ ಸಿದ್ಧವಾಗುವುದಿಲ್ಲ. ಗುಂಡಿಗಳೇ ಸಾಕ್ಷಿಯಾಗಿರುವಾಗ ಕಟ್ಟುಕಥೆಯ ಹಂಗೇಕೆ? ಕಂಪೆನಿಗಳಿಗೆ ಸಲ್ಲತಕ್ಕ ಕೀರ್ತಿಯೂ ಉಂಟು. ಬೆಂಗಳೂರಿಗೆ ವಿದ್ಯುದ್ದೀಪವು ಬಂದುದು 1905ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆಯೇ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಗಣಿಗಳನ್ನು ಮುಟ್ಟಿತ್ತು. ಯಂತ್ರಬಲದಿಂದ ಗಣಿಯು 10,000 ಅಡಿಗೂ ಕೆಳಗೆ ಇಳಿಯಿತು. ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತು.

ಆದರೆ ಆ ಆಳಕ್ಕೆ ಇಳಿದವರು ಯಾರು? ಬಹುಪಾಲು ಉತ್ತರ ಆರ್ಕಾಟು ಮೊದಲಾದ ಸೀಮೆಗಳಿಂದ ಬಂದ ತಮಿಳು, ತೆಲುಗು ಮಾತಿನ ದಲಿತ ಕೂಲಿಗಳು. ಬಂಡೆ ಸಿಡಿದು ಸತ್ತವರೂ, ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಟ್ಟು ನರಳಿದವರೂ ಅವರೇ. 1930ರಲ್ಲಿ ಅವರ ಬೆರಳಚ್ಚುಗಳನ್ನು ಪಡೆದು ದಾಖಲಿಸಿಕೊಳ್ಳುವ ಕಟ್ಟಳೆಯು ಬಂದಾಗ, ಸಾವಿರಾರು ಮಂದಿ ಕೆಲಸವನ್ನು ಬಿಟ್ಟು ಪ್ರತಿಭಟಿಸಿದರು. ಬೆರಳ ಗುರುತು ಬೇಕಾಗಿದ್ದ ಕಾಲಕ್ಕೆ ಅವರ ಹೆಸರು ಬೇಕಾಗಿರಲಿಲ್ಲ. ಚರಿತ್ರೆಯ ಪುಸ್ತಕಗಳಿಗೆ ಇಂದಿಗೂ ಬೇಕಾಗಿಲ್ಲ.

2001ನೆಯ ಇಸವಿ ಫೆಬ್ರವರಿ 28ರಂದು ಗಣಿಯು ಮುಚ್ಚಿತು. ಉಳಿದಿರುವುದು ಸಯನೈಡ್ ಗುಡ್ಡಗಳು, ನೀರು ತುಂಬಿದ ಸುರಂಗಗಳು, ವಯಸ್ಸಾದ ಗಣಿಗಾರರು. ಗುಡ್ಡದ ಪುಡಿಯಲ್ಲಿ ಇನ್ನೂ ಎಷ್ಟು ಚಿನ್ನವಿದೆಯೆಂದು ಲೆಕ್ಕ ಹಾಕುವವರು ಅನೇಕರು; ಎಳೆಯನ್ನು ಹೇಗೆ ಹಿಡಿಯುತ್ತಿದ್ದಿರಿ, ಬಂಡೆ ಸಿಡಿಯುವ ಮುನ್ಸೂಚನೆಯನ್ನು ಹೇಗೆ ಅರಿಯುತ್ತಿದ್ದಿರಿ ಎಂದು ಆ ವೃದ್ಧರನ್ನು ಕೇಳುವವರು ವಿರಳ. ಮಾರಿಕುಪ್ಪಂ ಗ್ರಾಮದಲ್ಲಿ ಕಲ್ಲು ಕುಟ್ಟಿದ ಹೆಂಗಸರ ಹೆಸರನ್ನು 1802ರಲ್ಲಿ ಯಾರೂ ಬರೆದಿಡಲಿಲ್ಲ. ಆ ನಷ್ಟಕ್ಕೆ ಇನ್ನು ಪರಿಹಾರವಿಲ್ಲ. ಈಗ ಜೀವಿಸಿರುವವರ ವಿಷಯದಲ್ಲಾದರೂ ಅದೇ ಅಪರಾಧವು ನಡೆಯಬಾರದು. ಪಾಠಗಳಲ್ಲಿ ಲಾವೆಲನನ್ನು ಗಣಿಯ ಪುನರಾರಂಭಕ್ಕೆ ಕಾರಣನಾದವನೆಂದು ಬರೆಯಲಿ. ಶೋಧಕನೆಂದು ಬರೆಯುವುದು ಬೇಡ. ಜಿಲ್ಲೆಜಿಲ್ಲೆಯ ಸಾಹಿತ್ಯಸಂಘಗಳು ಲೇಖನಿಯನ್ನು ಹಿಡಿದು ಆ ಗಣಿಗಾರರ ಮನೆಗಳಿಗೆ ಹೋಗಲಿ. ಕಾಲವು ಸ್ವಲ್ಪವೇ ಉಳಿದಿದೆ.