ಓದು ಮುಗಿಸಿ ಹೊಲಕ್ಕೆ ಮರಳುವ ಮಗ



2024ರ ನವೆಂಬರಿನಲ್ಲಿ ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ ನಡೆದ ಕೃಷಿ ಮೇಳದಲ್ಲಿ ನಾನು ರಾಗಿ ತಾಕುಗಳ ಬಳಿ ನಿಂತಿದ್ದೆ. ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರು ಬಂದರು. ತಳಿಯ ವಿಚಾರ ಕೇಳಬಹುದೆಂದುಕೊಂಡೆ. ಅವರು ಪಕ್ಕದಲ್ಲಿದ್ದ ತರುಣನನ್ನು ತೋರಿಸಿ, "ಇವನು ನನ್ನ ಮಗ ಸಾರ್. ಒಂದೂವರೆ ಎಕರೆ ಮಾರಿ ಇಂಜಿನಿಯರಿಂಗ್ ಓದಿಸಿದೆ. ಎಂಟು ತಿಂಗಳು ಕೆಲಸ ಮಾಡಿ ಬಿಟ್ಟು ಬಂದವ್ನೆ. ಹೊಲ ಮಾಡ್ತೀನಿ ಅಂತಾನೆ. ನೀವು ಓದಿದೋರು, ಸ್ವಲ್ಪ ಬುದ್ಧಿ ಹೇಳಿ" ಎಂದರು. ಹುಡುಗ ತೆನೆ ನೋಡುತ್ತಾ ನಿಂತಿದ್ದ.

ಬುದ್ಧಿ ಹೇಳಿ ಎಂದರೆ ಅವನನ್ನು ವಾಪಸ್ ಕಳಿಸಿ ಎಂದರ್ಥ. ಜನಸಂದಣಿಯಲ್ಲಿ ನಾನು ಏನೋ ಸಮಾಧಾನ ಹೇಳಿದೆ, ಫೋನ್ ನಂಬರು ಕೊಟ್ಟೆ. ಅವರಿಗೆ ಅಂದು ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆಯನ್ನು ಹೊತ್ತು ಬರುವ ತಂದೆಯರು ಈಗ ವರ್ಷಕ್ಕೆ ಹಲವರಾಗಿದ್ದಾರೆ.

ಮೊದಲು ತಂದೆಯ ಪರವಾದ ಲೆಕ್ಕ ನೋಡೋಣ. ಆ ಹುಡುಗನಿಗೆ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ತಿಂಗಳಿಗೆ 18,000 ರೂಪಾಯಿ ಬರುತ್ತಿತ್ತು. ರೂಮಿನ ಬಾಡಿಗೆ, ಊಟ, ಬಸ್ಸು ಎಂದು 10,000 ಹೋಗುತ್ತಿತ್ತು. ಉಳಿದದ್ದು 8,000, ವರ್ಷಕ್ಕೆ 96,000 ರೂಪಾಯಿ. ಮನೆಯಲ್ಲಿ ಉಳಿದಿರುವುದು ನಾಲ್ಕು ಎಕರೆ, ಒಂದು ಕೊಳವೆಬಾವಿ. ಖುಷ್ಕಿ ರಾಗಿ ಎಕರೆಗೆ ಹತ್ತು ಕ್ವಿಂಟಾಲ್ ಬಂದರೆ ಒಳ್ಳೆಯ ವರ್ಷವೇ ಸರಿ. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿಯಂತೆ ನಾಲ್ಕು ಎಕರೆಗೆ 1,71,600 ರೂಪಾಯಿ. ಉಳುಮೆ, ಬೀಜ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆಗೆ ಅರ್ಧ ತೆಗೆದರೆ ಕೈಗೆ ಉಳಿಯುವುದು 85,800.

ಎರಡು ಮೊತ್ತಗಳೂ ಹತ್ತಿರ ಹತ್ತಿರ ಇವೆಯಲ್ಲ, ಹಾಗಾದರೆ ಊರಲ್ಲೇ ಇರಲಿ ಎಂದು ಯಾರಾದರೂ ಹೇಳಬಹುದು. ಇಲ್ಲೇ ಅನೇಕರು ಎಡವುತ್ತಾರೆ. ಆ 85,800 ರೂಪಾಯಿ ಮಗ ಬರುವ ಮೊದಲೂ ಮನೆಗೆ ಬರುತ್ತಿತ್ತು. ಮಗ ಬಂದ ಮಾತ್ರಕ್ಕೆ ಹೊಲ ದೊಡ್ಡದಾಗುವುದಿಲ್ಲ, ಉಣ್ಣುವ ಬಾಯಿ ಮಾತ್ರ ಒಂದು ಹೆಚ್ಚಾಗುತ್ತದೆ. ಆದ್ದರಿಂದ ತಂದೆ ಕೇಳಬೇಕಾದ ಪ್ರಶ್ನೆ "ಕೆಲಸ ಯಾಕೆ ಬಿಟ್ಟೆ?" ಎಂಬುದಲ್ಲ. "ನಾನು ಮಾಡುತ್ತಿರುವುದರ ಜೊತೆಗೆ ನೀನು ಹೊಸದಾಗಿ ಏನು ಕೂಡಿಸುತ್ತೀಯ?" ಎಂಬುದು. ಇದಕ್ಕೆ ಉತ್ತರವಿರುವ ಮಗನನ್ನು ತಡೆಯಬಾರದು ಎಂಬುದೇ ನನ್ನ ಅಭಿಪ್ರಾಯ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. 2003ರಲ್ಲಿ ನಾನು ಬಿ.ಎಸ್ಸಿ. (ಕೃಷಿ) ಮುಗಿಸಿದಾಗ ರಾಜ್ಯದಲ್ಲಿ ಬರ. 2001ರಿಂದ ವರ್ಷದ ಮೇಲೆ ವರ್ಷ ಮಳೆ ಕೈಕೊಟ್ಟಿತ್ತು. ಕೀಟನಾಶಕ ಮಾರುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಮೋಟಾರ್ ಸೈಕಲ್ಲು ಕೊಟ್ಟರು, ತಿಂಗಳಿಗೆ ಇಷ್ಟು ಮಾರಬೇಕೆಂದು ಗುರಿ ಕೊಟ್ಟರು. ನಮ್ಮ ಮನೆಯಲ್ಲಿ ಹಬ್ಬದಂತೆ ಸಂತೋಷಪಟ್ಟರು. ಒಂದು ದಿನ ಟೊಮ್ಯಾಟೊ ಬೆಳೆದ ರೈತರೊಬ್ಬರು ಕಾಯಿ ತಂದು ತೋರಿಸಿದರು. ತೊಟ್ಟಿನ ಎದುರು ತುದಿಯಲ್ಲಿ ಕಪ್ಪಾಗಿ ಗುಳಿ ಬಿದ್ದಿತ್ತು. ಅದು ಸುಣ್ಣದ ಅಂಶ ಕಾಯಿಗೆ ಸರಿಯಾಗಿ ತಲುಪದೆ ಬರುವ ತೊಂದರೆ. ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದಾಗ ಜಾಸ್ತಿ ಕಾಣುತ್ತದೆ. ಶಿಲೀಂಧ್ರನಾಶಕದಿಂದ ಅದು ವಾಸಿಯಾಗುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ತಿಂಗಳ ಕೊನೆಯಾಗಿದ್ದರಿಂದ ಎರಡು ಪೊಟ್ಟಣ ಮಾರಿದೆ. ಮೂರು ವಾರದ ನಂತರ ಅವರು ಸಿಕ್ಕರು. ಬೈಯಲೂ ಇಲ್ಲ. "ಹೋಗ್ಲಿ ಬಿಡಿ ಸ್ವಾಮಿ, ನಮ್ಮ ಹಣೆಬರಹ" ಎಂದರು. ಬೈದಿದ್ದರೆ ಬಹುಶಃ ಆ ಕೆಲಸದಲ್ಲೇ ಉಳಿಯುತ್ತಿದ್ದೆನೋ ಏನೋ.

ಹನ್ನೊಂದು ತಿಂಗಳಿಗೆ ಕೆಲಸ ಬಿಟ್ಟು ಬೇಸಾಯಶಾಸ್ತ್ರದಲ್ಲಿ ಎಂ.ಎಸ್ಸಿ.ಗೆ ಸೇರಿದೆ. ನಮ್ಮ ತಂದೆಯವರು ನಾಲ್ಕು ತಿಂಗಳು ನನ್ನೊಡನೆ ಮಾತು ಬಿಟ್ಟರು. ಅದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಸಂಬಳವನ್ನು ನಂಬಿ ತಂಗಿಯ ಮದುವೆ ಮಾತು ನಡೆದಿತ್ತು. ಅದು ಎರಡು ವರ್ಷ ಮುಂದಕ್ಕೆ ಹೋಯಿತು. ದಾರಿ ಬದಲಿಸಿದವನು ನಾನು, ಅದರ ಬೆಲೆಯ ದೊಡ್ಡ ಪಾಲು ಕೊಟ್ಟವಳು ಅವಳು. ಆ ದಿನ ನಾನು ಮನೆಯವರನ್ನು ಕೂರಿಸಿಕೊಂಡು, ಇಷ್ಟು ದಿನ ಕಾಯಬೇಕಾಗುತ್ತದೆ, ಇಷ್ಟು ಹಣ ಕಡಿಮೆ ಬರುತ್ತದೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಪತ್ರ ಬರೆದು ತಿಳಿಸಿದೆ.

ದಾರಿ ಬದಲಿಸುವುದಾದರೆ ಬೇಗ ಬದಲಿಸುವುದೇ ಮೇಲು. ನಾಟಿ ರಾಗಿಯಲ್ಲಿ 21ರಿಂದ 25 ದಿನದ ಪೈರನ್ನು ಕಿತ್ತು ನೆಡಿ ಎಂದು ನಾವು ಹೇಳುತ್ತೇವೆ. ಕಿತ್ತು ನೆಟ್ಟ ಪೈರು ಕೆಲವು ದಿನ ಬಾಡುತ್ತದೆ, ಆಮೇಲೆ ಚೇತರಿಸಿಕೊಂಡು ತೆಂಡೆ ಒಡೆಯುತ್ತದೆ. ಒಟ್ಟಲಿನಲ್ಲೇ ಬಲಿತ ಪೈರನ್ನು ತಡವಾಗಿ ನೆಟ್ಟರೆ ಬೇರು ಹಿಡಿದರೂ ತೆಂಡೆ ಕಡಿಮೆ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಬರುವವನಿಗೆ ಹೆಂಡತಿ ಮಕ್ಕಳಿಲ್ಲ, ಮನೆ ಸಾಲದ ಕಂತಿಲ್ಲ. ಮೂವತ್ತೆಂಟಕ್ಕೆ ಬರುವವನಿಗೆ ಇವೆಲ್ಲ ಇರುತ್ತವೆ.

ಇಂಥ ಮಾತು ಬಂದಾಗ ದೊಡ್ಡವರ ಹೆಸರು ಹೇಳುವುದು ವಾಡಿಕೆ. ಡಾ. ಎಂ. ಎಸ್. ಸ್ವಾಮಿನಾಥನ್ ಅವರು ತಿರುವನಂತಪುರದಲ್ಲಿ ಪ್ರಾಣಿಶಾಸ್ತ್ರ ಓದಿದವರು. ಮನೆಯವರಿಗೆ ಅವರು ವೈದ್ಯರಾಗಬೇಕೆಂಬ ಆಸೆ. 1943ರ ಬಂಗಾಳದ ಕ್ಷಾಮದ ಸುದ್ದಿ ಅವರನ್ನು ಕೊಯಮತ್ತೂರಿನ ಕೃಷಿ ಕಾಲೇಜಿಗೆ ತಿರುಗಿಸಿತು. ಮುಂದೆ ಪೊಲೀಸ್ ಸೇವೆಗೆ ಆಯ್ಕೆಯಾದರೂ ಅದನ್ನು ಬಿಟ್ಟು ತಳಿಶಾಸ್ತ್ರದ ವ್ಯಾಸಂಗಕ್ಕೆ ಹಾಲೆಂಡಿಗೆ ಹೋದರು. ಇಂಜಿನಿಯರಾಗಿದ್ದ ಡಾ. ವರ್ಗೀಸ್ ಕುರಿಯನ್ 1949ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಕರಾರು ತೀರಿಸಲೆಂದು ಆಣಂದಿಗೆ ಬಂದು ಅಲ್ಲೇ ನಿಂತರು. ನಮ್ಮೂರುಗಳ ಹಾಲಿನ ಡೈರಿ ನಡೆಯುತ್ತಿರುವುದು ಆ ಆಣಂದ್ ಮಾದರಿಯಲ್ಲೇ. ಆದರೆ ಇವರಲ್ಲಿ ಯಾರೂ ನಾಲ್ಕು ಎಕರೆ ಖುಷ್ಕಿಯನ್ನು ನಂಬಿ ಬಂದವರಲ್ಲ. ಒಬ್ಬರ ಕೈಯಲ್ಲಿ ವಿದ್ಯಾರ್ಥಿವೇತನ, ಇನ್ನೊಬ್ಬರ ಕೈಯಲ್ಲಿ ಸರ್ಕಾರಿ ಸಂಬಳ ಇತ್ತು. ನಮ್ಮ ತರುಣರು ಇದನ್ನು ಮರೆಯಬಾರದು. ಅವರಿಂದ ಕಲಿಯಬಹುದಾದದ್ದು ಬೇರೊಂದಿದೆ. ಕುರಿಯನ್ ಅವರು ಓದಿದ ಯಂತ್ರವಿದ್ಯೆ ಹಾಲಿನಲ್ಲಿ ಕರಗಿಹೋಗಲಿಲ್ಲ. 1955ರಲ್ಲಿ ಆಣಂದಿನಲ್ಲಿ ಎಮ್ಮೆ ಹಾಲಿನಿಂದ ಪುಡಿ ಮಾಡುವ ಕಾರ್ಖಾನೆ ನಿಂತಾಗ ಅದು ಉಪಯೋಗಕ್ಕೆ ಬಂತು. ಹಾಗೆಯೇ, ಕೊಳವೆಬಾವಿಯ ಆಳ, ನೀರಿನ ಪ್ರಮಾಣ ನೋಡಿ ಎಷ್ಟು ಅಶ್ವಶಕ್ತಿಯ ಮೋಟಾರು ಸಾಕು ಎಂದು ಲೆಕ್ಕ ಹಾಕಬಲ್ಲ ಮಗ ಮನೆಯಲ್ಲಿದ್ದರೆ, ಆ ಓದು ದಂಡವಾಯಿತೆಂದು ಹೇಗೆ ಹೇಳುವುದು?

ಇನ್ನು ಏನು ಬೆಳೆಯಬೇಕು ಎಂಬುದನ್ನು, ಎಷ್ಟು ದಿನ ಕಾಯಬಲ್ಲೆವು ಎಂಬುದರ ಮೇಲೆ ನಿಶ್ಚಯಿಸಬೇಕು. ಕರೆಯುವ ಹಸು ಕಟ್ಟಿದರೆ ಡೈರಿಯ ಬಟವಾಡೆ ಕೂಡಲೇ ಶುರು. ಸೊಪ್ಪಿಗೆ ಒಂದು ತಿಂಗಳು, ತರಕಾರಿಗೆ ಎರಡು ಮೂರು ತಿಂಗಳು. ಹಿಪ್ಪುನೇರಳೆ ನೆಟ್ಟರೆ ಮೊದಲ ಸೊಪ್ಪಿಗೆ ಸುಮಾರು ಆರು ತಿಂಗಳು ಬೇಕು. ಅಡಿಕೆ, ತೆಂಗಿಗೆ ಐದಾರು ವರ್ಷವಾದರೂ ಬೇಕು. ಹೊಸದಾಗಿ ಬಂದವನು ಮೊದಲ ವರ್ಷವೇ ಅಡಿಕೆ ಇಟ್ಟು ಕೈಖಾಲಿ ಮಾಡಿಕೊಂಡು ಕೂರುವುದನ್ನು, ಸಾಲ ಮಾಡಿ ಪಾಲಿಹೌಸ್ ಕಟ್ಟುವುದನ್ನು ನಾನು ಬೇಡವೆನ್ನುತ್ತೇನೆ. ಜಮೀನಿನ ಮೇಲೆ ಮೊದಲ ಎರಡು ವರ್ಷ ಸಾಲ ಬೇಡ. ತಂದೆ ಒಂದು ಎಕರೆಯನ್ನು ಪೂರ್ತಿ ಅವನ ಕೈಗೆ ಬಿಡಲಿ. ಉಳಿದದ್ದು ಎಂದಿನಂತೆ ನಡೆಯಲಿ. ಮೂರು ಹಂಗಾಮು ನೋಡಲಿ. ಅವನು ತನ್ನ ಕೂಲಿಯನ್ನೂ ಖರ್ಚಿಗೆ ಬರೆಯಲಿ. ನಮ್ಮ ಬಹುತೇಕ ರೈತರು ಇದೊಂದನ್ನು ಬರೆಯುವುದಿಲ್ಲ, ಆದ್ದರಿಂದಲೇ ಲಾಭವೋ ನಷ್ಟವೋ ತಿಳಿಯುವುದಿಲ್ಲ. ಈ ಅವಧಿಯಲ್ಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿಯನ್ನೂ ಪಡೆಯಬಹುದು. ಮೂರು ಹಂಗಾಮಿನ ಮೇಲೂ ಕೂಲಿ ಗಿಟ್ಟದಿದ್ದರೆ ಅವನು ಮತ್ತೆ ಕೆಲಸ ಹುಡುಕಲಿ. ಆಗ ಯಾರೂ ಅವನನ್ನು ಹಂಗಿಸಬಾರದು. ಮುಖ್ಯವಾಗಿ ದಾಯಾದಿಗಳ ಎದುರಿಗೆ.

ತಂದೆಯರು ಬಾಯಿಬಿಟ್ಟು ಹೇಳದ ಇನ್ನೊಂದು ಭಯವಿದೆ. ಹೊಲ ಮಾಡುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ. ಇದು ಸುಳ್ಳಲ್ಲ, ಇದಕ್ಕೆ ನನ್ನಲ್ಲಿ ಔಷಧವೂ ಇಲ್ಲ. ನಾವೇ ನಮ್ಮ ಹೆಣ್ಣುಮಕ್ಕಳಿಗೆ ನೌಕರಿಯವನೇ ಬೇಕೆಂದು ಹುಡುಕುತ್ತೇವೆ, ನಮ್ಮ ಗಂಡುಮಕ್ಕಳಿಗೆ ಹೆಣ್ಣು ಸಿಗಲಿಲ್ಲವೆಂದು ಕೊರಗುತ್ತೇವೆ. ನಾನೂ ಒಬ್ಬ ಮಗಳ ತಂದೆ. ಈ ಮಾತನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು.

ಹಾಗೆಯೇ ಹುಡುಗನೂ ತನ್ನನ್ನು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಮೇಲಧಿಕಾರಿಯ ಕಾಟಕ್ಕೆ ಬೇಸತ್ತು ಬಂದೆನೇ, ಹೊಲದಲ್ಲಿ ಮಾಡಬೇಕಾದದ್ದು ಕಂಡು ಬಂದೆನೇ? ಹೊಲದಲ್ಲೂ ಮೇಲಧಿಕಾರಿಗಳಿದ್ದಾರೆ. ಮಳೆ ಒಬ್ಬ, ಮಂಡಿಯವನು ಇನ್ನೊಬ್ಬ.

ಚನ್ನರಾಯಪಟ್ಟಣದ ಆ ತರುಣ ಮೇಳ ಮುಗಿದ ಎರಡು ತಿಂಗಳಿಗೆ ಫೋನ್ ಮಾಡಿದ್ದ. ಒಂದು ಎಕರೆ ಕೇಳಿದ್ದಕ್ಕೆ ತಂದೆ ಕೊಳವೆಬಾವಿ ಪಕ್ಕದ ಮೂವತ್ತು ಗುಂಟೆ ಕೊಟ್ಟಿದ್ದಾರೆ. ಮೂರು ಹಂಗಾಮಿನ ಗಡುವನ್ನು ಎರಡಕ್ಕೆ ಇಳಿಸಿದ್ದಾರೆ. ಎರಡು ಹಸು ಕಟ್ಟಿದ್ದಾನೆ. ಮಣ್ಣು ಪರೀಕ್ಷೆಗೆಂದು ಮಾದರಿ ಕಳಿಸಿದ್ದ. ಚೀಲದೊಳಗಿನ ಚೀಟಿಯಲ್ಲಿ ರೈತನ ಹೆಸರು ಎಂಬಲ್ಲಿ ತಂದೆಯ ಹೆಸರನ್ನೇ ಬರೆದಿದ್ದ.