ಮೊದಲ ಬಿಲ್ಲೆ ತಪ್ಪಿದ ಮೇಲೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ಸ್ಕೀಟ್‌ನಲ್ಲಿ ಭಾರತದ ಮಹೇಶ್ವರಿ ಚೌಹಾಣ್, ಅನಂತಜೀತ್ ಸಿಂಗ್ ನರೂಕಾ ಜೋಡಿ 43, ಚೀನಾ 44. ಹಾರುವ ಬಿಲ್ಲೆಗೆ ಕೋವಿಯಿಂದ ಹೊಡೆಯುವ ಈ ಆಟದಲ್ಲಿ ಒಂದೇ ಒಂದು ಬಿಲ್ಲೆಯಿಂದ ಕಂಚು ಕೈತಪ್ಪಿತು. ‘ಮನೋಬಲ ಸಾಲದು’ ಎಂದು ತೀರ್ಪು ಕೊಟ್ಟವರಿಗೇನೂ ಕೊರತೆಯಿರಲಿಲ್ಲ. ಮನೋಬಲವೇನು ಅಂಗಡಿಯಲ್ಲಿ ಸಿಗುತ್ತದೆಯೇ? ಅದು ಅಭ್ಯಾಸ, ಅದನ್ನು ಮಕ್ಕಳಲ್ಲಿ ಕೆಡಿಸುವವರು ಬಹುಪಾಲು ನಾವೇ, ಬೇಲಿಯಾಚೆ ಕೂತ ಅಪ್ಪ-ಅಮ್ಮಂದಿರು.

ನಾನು ಕೊಡಗಿನ ವಿರಾಜಪೇಟೆ ಕಡೆಯವನು. ಈಗ ಟೆಕ್ಸಾಸ್‌ನ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಮನೆ. ಮಗಳು ಸ್ಕೀಟ್ ಹೊಡೆಯುತ್ತಾಳೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದ ನನಗೆ ಇದು ಬೇರೆಯೇ ಲೋಕ. ಅಲ್ಲಿ ಕಾಯಿ ಕದಲುವುದಿಲ್ಲ, ಬಿದ್ದರೆ ಊರೇ ಕೂಗುತ್ತದೆ, ತಪ್ಪಿದರೆ ಮುಂದಿನ ವರ್ಷ. ಇಲ್ಲಿ ಅಂಗೈಯಗಲದ ಕಿತ್ತಳೆ ಬಣ್ಣದ ಬಿಲ್ಲೆ ಗಾಳಿ ಸೀಳಿಕೊಂಡು ಬರುತ್ತದೆ, ಒಂದು ಸುತ್ತಿನಲ್ಲಿ 25 ಸಲ.

ಅಮೆರಿಕನ್ ಸ್ಕೀಟ್‌ನಲ್ಲಿ ಒಂದು ವಿಚಿತ್ರ ನಿಯಮವಿದೆ. 24 ಬಿಲ್ಲೆಗಳಿಗೆ ಜಾಗ ನಿಗದಿ. ಉಳಿದ ಒಂದನ್ನು, ಮೊದಲ ಸಲ ತಪ್ಪಿದ ಕೂಡಲೇ, ಅಲ್ಲೇ ನಿಂತು ಅದೇ ಬಗೆಯ ಬಿಲ್ಲೆಗೆ ಇನ್ನೊಮ್ಮೆ ಹೊಡೆಯಬೇಕು. ತೀರ್ಪುಗಾರ ‘ಲಾಸ್ಟ್’ (ತಪ್ಪಿತು) ಎಂದು ಕೂಗಿದ ದನಿ ಕಿವಿಯಲ್ಲಿ ಇನ್ನೂ ಇರುವಾಗಲೇ! ಹುಡುಗರ ಮನಸ್ಸು ಓದಬೇಕಿದ್ದರೆ ಆ ಕ್ಷಣ ನೋಡಿ. ಕೆಲವರು ಗಡಿಬಿಡಿಯಲ್ಲಿ ತೋಟಾ ತುಂಬಿ, ಬಿಲ್ಲೆ ಹಾರಿಸಲು ‘ಪುಲ್’ ಎನ್ನುತ್ತಾರೆ. ಕೋವಿ ಬಿಲ್ಲೆಯ ಜೊತೆ ಓಡುವ ಬದಲು ನಡುವೆಯೇ ನಿಂತುಬಿಡುತ್ತದೆ, ಗುಂಡು ಹಿಂದೆ ಬೀಳುತ್ತದೆ. ಇನ್ನು ಕೆಲವರು ಖಾಲಿ ತೋಟಾ ತೆಗೆಯುತ್ತಾರೆ, ಕಾಲು ಸರಿಪಡಿಸಿಕೊಳ್ಳುತ್ತಾರೆ, ಬಿಲ್ಲೆ ಕಾಣಿಸಿಕೊಳ್ಳುವ ಕಡೆಗೆ ಕಣ್ಣು ತಿರುಗಿಸುತ್ತಾರೆ, ಉಸಿರು ಬಿಟ್ಟು ಆಮೇಲೆ ಕರೆಯುತ್ತಾರೆ. ಹಿಂದಿನ ಬಿಲ್ಲೆ ಪುಡಿಯಾಗಿದ್ದರೂ ಇದೇ, ತಪ್ಪಿದ್ದರೂ ಇದೇ.

ಮೂರನೆಯ ಬಗೆಯವರೂ ಇದ್ದಾರೆ: ತಪ್ಪಿದ ತಕ್ಷಣ ಹಿಂದೆ ತಿರುಗಿ ಬೇಲಿಯ ಕಡೆ ನೋಡುವವರು. ಅಲ್ಲಿ ನಾವು ಬೆರಳು ಮಡಚಿ ಲೆಕ್ಕ ಹಾಕುತ್ತಿರುತ್ತೇವೆ. ಪಿಯುಸಿ ಅಂಕಪಟ್ಟಿಯ ರೋಗ ಟೆಕ್ಸಾಸ್‌ಗೂ ವೀಸಾ ಪಡೆದು ಬಂದಿದೆ. ಕಾರು ಹತ್ತುವ ಮೊದಲೇ ‘ಎಷ್ಟಾಯ್ತು?’

ಟೆಕ್ಸಾಸ್‌ನವನೇ ಆಗಿಹೋಗಿರುವ ಸ್ಕೀಟ್ ಶೂಟರ್ ವಿನ್ಸೆಂಟ್ ಹ್ಯಾನ್ಕಾಕ್‌ 2008, 2012ರಲ್ಲಿ ಒಲಿಂಪಿಕ್ ಚಿನ್ನ ಗೆದ್ದು, 2016ರ ರಿಯೊದಲ್ಲಿ 15ನೇ ಸ್ಥಾನಕ್ಕೆ ಇಳಿದ. ಟೋಕಿಯೊ, ಪ್ಯಾರಿಸ್‌ಗಳಲ್ಲಿ ಮತ್ತೆ ಚಿನ್ನ. ಅಂಥವನೇ ಜಾರಿ ಎದ್ದಿರುವಾಗ, ಹೈಸ್ಕೂಲ್ ಹುಡುಗಿ 25ಕ್ಕೆ 19 ಹೊಡೆದಳೆಂದು ಮನೆಯಲ್ಲಿ ಮೌನವ್ರತ ಏಕೆ?

ಎಷ್ಟು ಬಿತ್ತು ಎಂದು ಕೇಳುವ ಬದಲು ತಪ್ಪಿದ ಮೇಲೆ ಏನು ಮಾಡಿದೆ ಎಂದು ಕೇಳಬಹುದು. ಅದಕ್ಕೆ ಅವಳ ಬಳಿ ಉತ್ತರವಿರುತ್ತದೆ, ಮುಂದಿನ ವಾರ ತಿದ್ದಿಕೊಳ್ಳಲು ಏನಾದರೂ ಸಿಗುತ್ತದೆ. ಸ್ಪರ್ಧೆ ಮುಗಿಯುವತನಕ ಅಂಕದ ಹಾಳೆಯನ್ನು ಪೋಷಕರಿಗೆ ತೋರಿಸಬಾರದೆಂದು ಯಾರಾದರೂ ನಿಯಮ ತಂದರೆ ನಾನಂತೂ ಮೊದಲು ಸಹಿ ಹಾಕುತ್ತೇನೆ. ನನ್ನ ಹೆಂಡತಿ ಹಾಕುತ್ತಾಳೋ ಇಲ್ಲವೋ, ಇನ್ನೂ ಕೇಳಿಲ್ಲ.